ಚಪ್ಪಲಿ ಬಚ್ಚಿಡುವ ಆ್ಯಪುಗಳು

ನಿಮ್ಮ ಫೋನಿನಲ್ಲಿ ಎಷ್ಟು ಬ್ರೌಸರ್ ಇದೆ ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ‘ಕ್ರೋಮ್ ಇದೆಯಲ್ಲ, ಒಂದೇ’ ಎನ್ನುತ್ತೀರಿ. ಸ್ವಲ್ಪ ಬಲ್ಲವರಾದರೆ ‘ಫೈರ್‌ಫಾಕ್ಸೂ ಇಟ್ಟಿದ್ದೀನಿ’ ಎಂದು ಮೀಸೆ ತಿರುವುತ್ತೀರಿ. ಇಬ್ಬರ ಲೆಕ್ಕವೂ ತಪ್ಪು. ಫೇಸ್‌ಬುಕ್ಕಿನ ಹೊಟ್ಟೆಯಲ್ಲಿ ಒಂದು ಬ್ರೌಸರ್ ಇದೆ. ಇನ್‌ಸ್ಟಾಗ್ರಾಮಿನ ಹೊಟ್ಟೆಯಲ್ಲಿ ಇನ್ನೊಂದು. ಸಾಲ ಕೊಡುತ್ತೇನೆಂದು ಬೆನ್ನುಬಿದ್ದಿರುವ ಆ್ಯಪು, ಸುದ್ದಿಯ ಆ್ಯಪು, ಹಾಲಿನವನ ಆ್ಯಪು, ಕೊನೆಗೆ ರಾಹುಕಾಲ ಬಂತೆಂದು ಗಂಟೆ ಬಾರಿಸುವ ಪಂಚಾಂಗದ ಆ್ಯಪು, ಯಾವುದನ್ನು ಬಗೆದು ನೋಡಿದರೂ ಒಳಗೊಂದು ಬ್ರೌಸರ್ ಸಿಕ್ಕೀತು. ಮಜಾ ಏನೆಂದರೆ, ಇವುಗಳಲ್ಲಿ ಒಂದೂ ತಾನು ಬ್ರೌಸರ್ ಎಂದು ಬಾಯಿ ಬಿಡುವುದಿಲ್ಲ.

ಅದು ಕೆಲಸ ಮಾಡುವ ರೀತಿ ನಿಮಗೆ ಗೊತ್ತೇ ಇದೆ. ಫೇಸ್‌ಬುಕ್ಕಿನಲ್ಲಿ ಯಾರೋ ಪುಣ್ಯಾತ್ಮರು ಗಂಟಲು ನೋವಿಗೆ ಮನೆಮದ್ದು ಎಂದು ಒಂದು ಲಿಂಕು ಹಾಕಿರುತ್ತಾರೆ. ಗಂಟಲು ಚೆನ್ನಾಗಿಯೇ ಇದ್ದರೂ ನೀವು ಒತ್ತುತ್ತೀರಿ. ಪರದೆಯ ಬುಡದಿಂದ ಒಂದು ಪುಟ ಮೇಲೆದ್ದು ಬರುತ್ತದೆ. ಎಡ ಮೂಲೆಯಲ್ಲೊಂದು ಇಂಟು ಮಾರ್ಕು, ನಡುವೆ ಕಣ್ಣಿಗೆ ಸೂಜಿ ಚುಚ್ಚಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಹೆಸರು, ಬಲಕ್ಕೆ ಮೂರು ಚುಕ್ಕಿ. ಕಾಳುಮೆಣಸು, ಜೇನುತುಪ್ಪ ಎಲ್ಲ ಓದಿ ಮುಗಿಸಿ ಇಂಟು ಒತ್ತಿದರೆ ಮತ್ತೆ ಫೇಸ್‌ಬುಕ್. ‘ಒಂದು ಸುತ್ತು ಹೊರಗೆ ಹೋಗಿ ಬಂದೆ’ ಎಂದು ನೀವು ತಿಳಿದಿರುತ್ತೀರಿ. ಸ್ವಾಮಿ, ನೀವು ಹೊಸ್ತಿಲು ದಾಟಿಯೇ ಇಲ್ಲ.

ನಮ್ಮ ಕಡೆ ಕೆಲವು ಮನೆಗಳಲ್ಲಿ ನೆಂಟರು ಹೊರಟು ನಿಂತರೆ ಚಪ್ಪಲಿ ಬಚ್ಚಿಡುವ ಪದ್ಧತಿ ಉಂಟು. ಮನೆಯ ಹುಡುಗರಿಗೆ ಕಣ್ಸನ್ನೆ ಆಗಿರುತ್ತದೆ. ನೆಂಟರು ಜಗಲಿಗೆ ಬಂದು ನೋಡಿದರೆ ಎಡಗಾಲಿನದು ಹಿತ್ತಲಲ್ಲಿ, ಬಲಗಾಲಿನದು ಅಟ್ಟದ ಮೇಲೆ. ‘ಅಷ್ಟು ಅವಸರ ಏನು, ಊಟ ಮಾಡಿಕೊಂಡೇ ಹೋಗಿ’ ಎಂದು ಉಪಚಾರ. ಈಗಿನ ಆ್ಯಪುಗಳೆಲ್ಲ ಇದೇ ಸಂಪ್ರದಾಯದವು. ‘ಹೊರಗೆ ಯಾಕೆ ಹೋಗ್ತೀರಿ, ಬಿಸಿಲು. ಯಾವ ಪುಟ ಬೇಕು ಹೇಳಿ, ಇಲ್ಲಿಗೇ ತರಿಸ್ತೀವಿ.’ ವ್ಯತ್ಯಾಸ ಇಷ್ಟೇ: ಮನೆಯವರಿಗೆ ನಿಮ್ಮ ಮೇಲೆ ಪ್ರೀತಿ, ಇವರಿಗೆ ನೀವು ಒಳಗಿರುವ ನಿಮಿಷಗಳ ಮೇಲೆ.

ಈ ವಿದ್ಯೆಯ ಒಳಗುಟ್ಟು ನನಗೆ ಹೇಳಿದವನು ಅಕ್ಕನ ಮಗ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಅವನಿಗೆ ಆ್ಯಪು ಕಟ್ಟುವ ಕೆಲಸ. ಹಬ್ಬಕ್ಕೆ ಬಂದವನನ್ನು ಕೂರಿಸಿಕೊಂಡು ಕೇಳಿದೆ.

‘ಅದಕ್ಕೆ ವೆಬ್‌ವ್ಯೂ ಅಂತಾರೆ ಮಾವ. ಬ್ರೌಸರ್ ತಗೊಂಡು ವಿಳಾಸದ ಪಟ್ಟಿ ಕಿತ್ತುಹಾಕಿ, ಟ್ಯಾಬು ಕಿತ್ತುಹಾಕಿ, ಬುಕ್‌ಮಾರ್ಕು, ಹಿಸ್ಟರಿ ಎಲ್ಲ ಕಿತ್ತುಹಾಕಿ. ಉಳಿದದ್ದೇ ಅದು.’

‘ಇನ್ನೇನಯ್ಯಾ ಉಳೀತು?’

‘ಪುಟ ಉಳೀತು. ಅದರ ಸುತ್ತ ನಮ್ಮ ಬಣ್ಣ, ನಮ್ಮ ಲೋಗೋ. ನೋಡೋರಿಗೆ ಅದು ನಮ್ಮದೇ ಅನ್ನಿಸ್ಬೇಕು.’

‘ನಿಮ್ಮದಲ್ಲದ್ದು ನಿಮ್ಮದು ಅನ್ನಿಸೋ ಹಾಗೆ ಮಾಡೋದಕ್ಕೆ ಸಂಬಳ ಬೇರೆ ಕೊಡ್ತಾರಾ?’

‘ಇಎಸ್‌ಒಪಿ ಅಂತ ಕಂಪನಿಯ ಷೇರು ಕೂಡ ಕೊಡ್ತಾರೆ ಮಾವ’ ಎಂದು ಕೋಸಂಬರಿಗೆ ಕೈ ಹಾಕಿದ.

ಈ ವೆಬ್‌ವ್ಯೂ ಎಂಬ ಪ್ರಾಣಿ ಆಂಡ್ರಾಯ್ಡಿನಲ್ಲಿ ಮೊದಲ ದಿನದಿಂದಲೂ, ಅಂದರೆ 2008ರಿಂದಲೂ ಇದೆ. ಆಗ ಅದು ಫೋನಿನ ಅಸ್ಥಿಗೇ ಅಂಟಿಕೊಂಡಿತ್ತು. ಅದನ್ನು ರಿಪೇರಿ ಮಾಡಬೇಕೆಂದರೆ ಇಡೀ ಆಂಡ್ರಾಯ್ಡನ್ನೇ ಬದಲಿಸಬೇಕು. ಫೋನು ಮಾರಿದ ಕಂಪನಿ ಮಾರಿದ ಮರುದಿನವೇ ನಿಮ್ಮ ಗುರುತು ಮರೆಯುವ ಕಾಲ ಅದು, ಅಪ್‌ಡೇಟ್ ಎಲ್ಲಿಂದ ಬರಬೇಕು? 2013ರ ಕಿಟ್‌ಕ್ಯಾಟ್ ಆವೃತ್ತಿಯಲ್ಲಿ ಅದಕ್ಕೆ ಕ್ರೋಮಿನ ಎಂಜಿನ್ನು ಕೂರಿಸಿದರು. ಮರುವರ್ಷ ಲಾಲಿಪಾಪ್ ಬಂದಾಗ ಅದನ್ನು ಬೇರೆ ಮಾಡಿ, ಪ್ಲೇ ಸ್ಟೋರಿನಿಂದಲೇ ತಾನಾಗಿ ಅಪ್‌ಡೇಟ್ ಆಗುವ ಹಾಗೆ ಮಾಡಿದರು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪುಗಳ ಪಟ್ಟಿ ತೆಗೆದರೆ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎಂದು ಬೆಪ್ಪನ ಹಾಗೆ ಕೂತಿರುತ್ತದೆ.

ನಮ್ಮ ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ ಈ ಪಟ್ಟಿ ತೆಗೆದು ಅನಾಮಧೇಯರನ್ನು ಹೊರಹಾಕುವ ಚಟ. ಒಂದು ದಿನ ಕನ್ನಡಕ ಹಣೆಗೇರಿಸಿ ಬಂದರು. ‘ಏನ್ರೀ ಇದು? ನಾನು ಕರೆದಿಲ್ಲ, ಒಂದು ದಿನ ತೆರೆದಿಲ್ಲ. ಕೆಲಸ ಏನು ಅಂತ ಕೇಳಿದರೆ ಹೇಳಲ್ಲ. ತೆಗೆಯೋಕೆ ಹೋದರೆ ಹೋಗಲ್ಲ.’ ನಾನು ಅಂದೆ, ‘ಮೇಷ್ಟ್ರೇ, ನಿಮ್ಮ ಸ್ಕೂಲಿನಲ್ಲಿ ಇಂಥವರು ಎಷ್ಟು ಜನ ಇರಲಿಲ್ಲ?’ ಮೇಷ್ಟ್ರು ಕನ್ನಡಕ ಕೆಳಗಿಳಿಸಿ ನನ್ನನ್ನು ಒಂದು ಕ್ಷಣ ನೋಡಿ, ಕಾಫಿ ಕುಡಿಯದೆ ಹೋದರು.

ಆದರೆ ಕೆಲಸವಿಲ್ಲದವನಂತೆ ಕೂತ ಈ ವೆಬ್‌ವ್ಯೂ ಎಷ್ಟು ಕೆಲಸ ಹೊತ್ತಿದೆ ಎಂಬುದು 2021ರ ಮಾರ್ಚ್ 22ರ ಸುಮಾರಿಗೆ ಲೋಕಕ್ಕೆಲ್ಲ ಗೊತ್ತಾಯಿತು. ಅವತ್ತು ಎಷ್ಟೋ ದೇಶಗಳ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿದಂತೆ ಹಲವು ಆ್ಯಪುಗಳು ತೆರೆದ ಕೂಡಲೇ ಕಣ್ಣು ಮುಚ್ಚತೊಡಗಿದವು. ಜನ ಫೋನು ಆಫ್ ಮಾಡಿದರು, ಆನ್ ಮಾಡಿದರು, ಜಿಮೇಲ್ ತೆಗೆದು ಮತ್ತೆ ಹಾಕಿದರು. ತಪ್ಪು ಜಿಮೇಲಿನದೇ ಅಲ್ಲ; ವೆಬ್‌ವ್ಯೂಗೆ ಬಂದ ಒಂದು ಅಪ್‌ಡೇಟು ಕೆಟ್ಟಿತ್ತು. ಆ ಅಪ್‌ಡೇಟನ್ನು ಕಿತ್ತುಹಾಕಿದವರ ಫೋನು ಎದ್ದು ಕೂತಿತು, ಆಮೇಲೆ ಗೂಗಲ್ ಸರಿಯಾದದ್ದನ್ನು ಕಳಿಸಿತು. ಜಿಮೇಲಿಗೂ ಇದಕ್ಕೂ ಏನು ನಂಟು ಎಂದು ಕೇಳಬೇಡಿ. ನಿಮಗೆ ಬರುವ ಮೇಲುಗಳಲ್ಲಿ ಬಹುಪಾಲು, ಆ ಬಣ್ಣಬಣ್ಣದ ರಿಯಾಯಿತಿ ದರದ ಪತ್ರಗಳು ಸಹಿತ, ವೆಬ್ ಪುಟಗಳೇ. ಅವನ್ನು ತೋರಿಸುವುದು ಇದೇ ವೆಬ್‌ವ್ಯೂ.

ಈ ಕಥೆಯ ಮೊದಲ ಅಧ್ಯಾಯ ಇನ್ನೂ ಸ್ವಾರಸ್ಯದ್ದು. 2007ರಲ್ಲಿ ಐಫೋನು ಬಂದಾಗ ಅದಕ್ಕೆ ಹೊರಗಿನವರು ಆ್ಯಪು ಮಾಡುವ ದಾರಿಯೇ ಇರಲಿಲ್ಲ. ಜೂನ್ ತಿಂಗಳ ಸಭೆಯಲ್ಲಿ ಸ್ಟೀವ್ ಜಾಬ್ಸ್ ಡೆವಲಪರುಗಳ ಮುಂದೆ ನಿಂತು, ನಿಮಗೆ ಪ್ರತ್ಯೇಕ ಸಲಕರಣೆ ಏಕೆ, ಸಫಾರಿ ಬ್ರೌಸರಿನಲ್ಲಿ ನಡೆಯುವಂಥ ವೆಬ್ ಪುಟಗಳನ್ನೇ ಆ್ಯಪಿನಂತೆ ಮಾಡಿ ಎಂಬರ್ಥದ ಮಾತು ಹೇಳಿದರು. ಕೇಳಿದವರ ಮುಖ ಗಸಗಸೆ ಪಾಯಸ ಮುಗಿದುಹೋಯಿತು ಎಂದಾಗ ಆಗುವಂತೆ ಆಗಿರಬೇಕು ಎಂದು ನಾನು ಊಹಿಸಬಲ್ಲೆ. ಕೊನೆಗೆ ಆಪಲ್ಲೇ ಮನಸ್ಸು ಬದಲಿಸಿ 2008ರ ಜುಲೈ 10ರಂದು ಆ್ಯಪ್ ಸ್ಟೋರ್ ತೆರೆಯಿತು. ಮೊದಲ ದಿನವೇ ಸುಮಾರು 500 ಆ್ಯಪು. ಅಂದಿನಿಂದ ಜಗತ್ತಿನ ಎಲ್ಲ ಅಂಗಡಿ, ಮಠ, ಬ್ಯಾಂಕುಗಳಿಗೂ ಒಂದೊಂದು ಆ್ಯಪು ಇರಲೇಬೇಕೆಂಬ ಜ್ವರ ಹಿಡಿಯಿತು.

ಆದರೆ ಆ್ಯಪು ಬರೆಯಲು ಬರಬೇಕಲ್ಲ? ಊರ ತುಂಬ ಇದ್ದವರು ವೆಬ್‌ಸೈಟ್ ಮಾಡಬಲ್ಲವರು. ಅವರ ಕಷ್ಟ ನೋಡಲಾರದೆ ಕೆನಡಾದ ನಿಟೋಬಿ ಎಂಬ ಸಣ್ಣ ಕಂಪನಿ ಫೋನ್‌ಗ್ಯಾಪ್ ಎಂಬುದನ್ನು ಕಂಡುಹಿಡಿಯಿತು. ಮೇಲೆ ಆ್ಯಪಿನ ಚಿಪ್ಪು, ಒಳಗೆ ಪೂರಾ ವೆಬ್ ಪುಟ. 2011ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. ಅದರ ತಿರುಳು ಅಪಾಚೆ ಕಾರ್ಡೋವಾ ಎಂಬ ಹೆಸರಿನಲ್ಲಿ ಎಲ್ಲರ ಸ್ವತ್ತಾಯಿತು. ಜಾಬ್ಸ್ ‘ವೆಬ್ಬೇ ಸಾಕು’ ಎಂದಾಗ ಮೂಗು ಮುರಿದವರು ಆ್ಯಪ್ ಸ್ಟೋರ್ ತೆರೆದ ಮೇಲೆ ಮಾಡಿದ್ದೇನು? ಅದೇ ವೆಬ್ಬನ್ನು ತಂದು ಆ್ಯಪಿನೊಳಗೆ ತುಂಬಿದ್ದು. ಇದು ಎಷ್ಟು ಹೆಚ್ಚಾಯಿತೆಂದರೆ, ನಿಮ್ಮ ವೆಬ್‌ಸೈಟನ್ನೇ ಪೊಟ್ಟಣ ಕಟ್ಟಿ ಆ್ಯಪು ಎಂದು ತರಬೇಡಿ ಎಂದು ಆಪಲ್ ತನ್ನ ನಿಯಮಾವಳಿಯಲ್ಲೇ ಬರೆಯಬೇಕಾಯಿತು.

ದೊಡ್ಡವರೂ ಇದರಲ್ಲಿ ಕೈ ಸುಟ್ಟುಕೊಂಡರು. ಫೇಸ್‌ಬುಕ್ಕಿನ ಐಫೋನ್ ಆ್ಯಪು ಒಂದು ಕಾಲಕ್ಕೆ ಬಹುಪಾಲು ಒಳಗೆ ಕೂರಿಸಿದ ವೆಬ್ ಪುಟವೇ ಆಗಿತ್ತು. ಬೆರಳಲ್ಲಿ ಎಳೆದರೆ ಪುಟ ಆಕಳಿಸಿ, ಮೈ ಮುರಿದು, ಆಮೇಲೆ ಸರಿಯುತ್ತಿತ್ತು. 2012ರ ಆಗಸ್ಟಿನಲ್ಲಿ ಅವರು ಅದನ್ನು ಬುಡದಿಂದ ಹೊಸದಾಗಿ ಬರೆದರು. ಮರುತಿಂಗಳು ಮಾರ್ಕ್ ಜುಕರ್‌ಬರ್ಗ್ ವೇದಿಕೆಯೊಂದರ ಮೇಲೆ, ವೆಬ್ ಪುಟ ಬರೆಯುವ ಎಚ್‌ಟಿಎಂಎಲ್5ನ್ನು ಅತಿಯಾಗಿ ನಂಬಿದ್ದೇ ಕಂಪನಿ ಮಾಡಿದ ಅತಿ ದೊಡ್ಡ ತಪ್ಪು ಎಂಬ ಅರ್ಥದಲ್ಲಿ ಮಾತಾಡಿದರು. ಆ ಕಂಪನಿ ಆಮೇಲೆ ಮಾಡಿದ ಕೆಲಸಗಳನ್ನು ನೋಡಿದ ಮೇಲೆ, ತಪ್ಪುಗಳ ಪಟ್ಟಿಯಲ್ಲಿ ಇದಕ್ಕೆ ಈಗ ಎಷ್ಟನೆಯ ಸ್ಥಾನವೋ ನೀವೇ ಲೆಕ್ಕ ಹಾಕಿ.

ಇನ್ನು ನಮ್ಮ ಬೆಂಗಳೂರು. ‘ವೆಬ್ಬೋ ಆ್ಯಪೋ’ ಎಂಬ ಈ ಜಗಳದಲ್ಲಿ ಲೋಕದ ಕಣ್ಣೆಲ್ಲ ಕೆಲಕಾಲ ನಮ್ಮೂರಿನ ಮೇಲೇ ಇತ್ತು. 2015ರ ಮೇ ತಿಂಗಳಲ್ಲಿ, ಆನ್‌ಲೈನಿನಲ್ಲಿ ಬಟ್ಟೆ ಮಾರುವ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿತು. ಬಟ್ಟೆ ಬೇಕೆ? ಆ್ಯಪು ಹಾಕಿಕೊಳ್ಳಿ. ಮಿಂತ್ರಾದ ಒಡೆಯ ಫ್ಲಿಪ್‌ಕಾರ್ಟು ಆ ಹೊತ್ತಿಗಾಗಲೇ ಮೊಬೈಲಿನಲ್ಲಿ ಬಂದವರನ್ನೆಲ್ಲ ಆ್ಯಪಿನ ಕಡೆ ದೂಡುತ್ತಿತ್ತು. ಆರು ಗಜದ ಸೀರೆಯನ್ನು ಐದು ಇಂಚಿನ ಪರದೆಯಲ್ಲೇ ನೋಡಿ ಒಪ್ಪಿಕೊಳ್ಳಬೇಕೆಂಬುದು ಆಗಿನ ಸಿದ್ಧಾಂತ. ಜನ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬುದು ಬಂತು. ಅದೇನು? ವೆಬ್‌ಸೈಟು! ಆದರೆ ಆ್ಯಪಿನ ಹಾಗೆ ನಡೆದುಕೊಳ್ಳುವ, ಹೋಮ್ ಸ್ಕ್ರೀನಿನ ಮೇಲೆ ಕೂರುವ ವೆಬ್‌ಸೈಟು. 2016ರಲ್ಲಿ ಮಿಂತ್ರಾ ಫೆಬ್ರವರಿಗೆ ಮೊಬೈಲ್ ಸೈಟನ್ನೂ ಜೂನ್‌ಗೆ ಕಂಪ್ಯೂಟರಿನ ಸೈಟನ್ನೂ ಮತ್ತೆ ತೆರೆಯಿತು. ಒಂದು ಕಡೆ ಆ್ಯಪಿನ ವೇಷದ ವೆಬ್‌ಸೈಟು, ಇನ್ನೊಂದು ಕಡೆ ವೆಬ್‌ಸೈಟನ್ನು ನುಂಗಿದ ಆ್ಯಪು. ಯಾರು ಯಾರ ಮನೆಗೆ ಸೊಸೆ, ಯಾರು ಮನೆಯಳಿಯ ಎಂದು ಹೇಳುವುದು ಕಷ್ಟ.

ಕಂಪನಿಗಳಿಗೆ ಇದು ಸಿದ್ಧಾಂತ. ಆದರೆ ಬಡಪಾಯಿ ಮೇಷ್ಟ್ರಿಗೆ ಇದು ಬದುಕು. ಮೊನ್ನೆ ಅವರು ಯಾವುದೋ ಆ್ಯಪಿನಲ್ಲಿ ಅರ್ಜಿ ತುಂಬಲು ಕೂತರು. ಹೆಸರು, ತಂದೆಯ ಹೆಸರು, ಎಂದೋ ನೆಲಸಮವಾದ ಶಾಲೆಯ ಹೆಸರು ಎಲ್ಲ ಆಯಿತು. ‘ಭಾವಚಿತ್ರ ಆರಿಸಿ’ ಎಂಬ ಬಟನ್ನು ಬಂತು. ಮೇಷ್ಟ್ರು ಒತ್ತಿದರು. ಏನೂ ಆಗಲಿಲ್ಲ. ಬೆರಳು ಒರೆಸಿಕೊಂಡು ಒತ್ತಿದರು. ಕುಲದೇವರನ್ನು ನೆನೆದು ಒತ್ತಿದರು. ಬಟನ್ನು ಬಣ್ಣ ಬದಲಿಸುತ್ತದೆ, ನಮಸ್ಕಾರ ಹೇಳಿದರೆ ತಲೆಯಾಡಿಸುವ ಹಿರಿಯ ಅಧಿಕಾರಿಯಂತೆ. ಅದರಾಚೆಗೆ ಏನೂ ಇಲ್ಲ.

ಅಕ್ಕನ ಮಗನಿಗೆ ಫೋನು ಹಚ್ಚಿದೆ. ‘ಓ ಅದಾ’ ಎಂದು ನಕ್ಕ. ‘ಫೋಟೋ ಆರಿಸೋ ಕಿಟಕಿ ವೆಬ್‌ವ್ಯೂಗೆ ತಾನಾಗಿ ತೆರೆಯೋಕೆ ಬರಲ್ಲ ಮಾವ. ಆ್ಯಪು ಬರೆದವನು ಅದಕ್ಕೆ ಬೇರೆ ಕೋಡು ಬರೀಬೇಕು. ಬರೀದಿದ್ರೆ ಬಟನ್ನು ಸುಮ್ನೆ ಇರುತ್ತೆ.’

‘ಡೌನ್‌ಲೋಡೋ?’

‘ಅದಕ್ಕೂ ಬೇರೆ ಬರೀಬೇಕು.’

‘ಜಾಗ ಎಲ್ಲಿದೆ ಅಂತ ನೋಡೋದು?’

‘ಅದಕ್ಕೂ.’

‘ಅಲ್ಲಯ್ಯಾ, ಇದಕ್ಕೆ ತಾನಾಗಿ ಏನಾದ್ರೂ ಬರುತ್ತಾ?’

‘ಆಂಡ್ರಾಯ್ಡಲ್ಲಿ ಪುಟಕ್ಕೆ ಜೀವ ಕೊಡೋ ಜಾವಾಸ್ಕ್ರಿಪ್ಟ್ ಕೂಡ ಮೊದಲು ಆಫ್ ಆಗೇ ಇರುತ್ತೆ ಮಾವ. ನಾವು ಆನ್ ಮಾಡ್ಬೇಕು.’

ಈಗಿನ ವೆಬ್ ಪುಟದಿಂದ ಜಾವಾಸ್ಕ್ರಿಪ್ಟ್ ತೆಗೆದರೆ ಬಹುಪಾಲು ಉಳಿಯುವುದು ಬಿಳಿ ಹಾಳೆ. ಅಂದರೆ ಈ ವೆಬ್‌ವ್ಯೂ ಎಂಬುದು ಹುಟ್ಟಾ ಸೋಮಾರಿಯಲ್ಲ, ಸರ್ಕಾರಿ ಶಿಸ್ತಿನದು. ಲಿಖಿತ ಆದೇಶವಿಲ್ಲದೆ ಕಡ್ಡಿ ಅಲ್ಲಾಡಿಸುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಅದು ಸರಿಯೂ ಹೌದು. ಹಿಂದೆ, 2012ರ ಆಂಡ್ರಾಯ್ಡ್ 4.2 ಬರುವವರೆಗೂ, ಆ್ಯಪಿಗೂ ಪುಟಕ್ಕೂ ಮಾತುಕತೆ ನಡೆಸಲು ಇಟ್ಟಿದ್ದ ಒಂದು ಸೌಲಭ್ಯದ ಮೂಲಕ ಯಾವುದೋ ಪುಂಡ ಪುಟ ಒಳಗೆ ನುಗ್ಗಿ ಆ್ಯಪಿನ ಜುಟ್ಟು ಹಿಡಿಯುವ ಅಪಾಯವಿತ್ತು. ಆದ್ದರಿಂದ ಬಾಗಿಲು ಮುಚ್ಚಿಟ್ಟು, ಬೇಕಾದ್ದನ್ನು ಮಾತ್ರ ತೆರೆಯುವುದು ನ್ಯಾಯವೇ. ಆದರೆ ತೆರೆಯಬೇಕಾದವನು ಮರೆತು ಊಟಕ್ಕೆ ಹೋಗಿಬಿಟ್ಟರೆ ಮೇಷ್ಟ್ರು ಏನು ಮಾಡಬೇಕು?

ಮೇಷ್ಟ್ರು ಮಾಡಿದ್ದು ಇಷ್ಟು. ಅಕ್ಷರ ಸಣ್ಣದಾಯಿತೆಂದು ಫೋನನ್ನು ಅಡ್ಡ ತಿರುಗಿಸಿದರು. ಫೋನು ತಿರುಗಿದರೆ ಆಂಡ್ರಾಯ್ಡು, ಬೇಡವೆಂದು ಮೊದಲೇ ಹೇಳಿಡದಿದ್ದರೆ, ಆ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಹಳೆಯದನ್ನು ನೆನಪಿಟ್ಟುಕೊಳ್ಳುವ ಏರ್ಪಾಡು ಮಾಡಿರದಿದ್ದರೆ ತುಂಬಿದ್ದೆಲ್ಲ ಸ್ವಾಹಾ. ಮೇಷ್ಟ್ರ ಹೆಸರು ಹೋಯಿತು, ಅವರ ತಂದೆಯ ಹೆಸರೂ ಹೋಯಿತು. ಎರಡನೆಯ ಸಲ ಎಲ್ಲ ತುಂಬಿ, ಪಿನ್‌ಕೋಡಿನಲ್ಲೊಂದು ಅಂಕಿ ತಿದ್ದಲು ಹಿಂದಿನ ಪುಟಕ್ಕೆ ಹೋಗೋಣವೆಂದು ಬ್ಯಾಕ್ ಒತ್ತಿದರು. ಬ್ಯಾಕ್ ಎಂದರೆ ಹಿಂದಿನ ಪುಟವೋ ಹಿಂದಿನ ಪರದೆಯೋ ಎಂಬುದನ್ನೂ ಆ್ಯಪು ಬರೆದವನೇ ಹೇಳಿಡಬೇಕು. ಹೇಳಿರಲಿಲ್ಲ. ಮೇಷ್ಟ್ರು ನೇರ ಅಂಗಳಕ್ಕೆ ಬಂದು ಬಿದ್ದರು. ‘ನಲವತ್ತು ವರ್ಷ ಮಕ್ಕಳಿಗೆ ತಪ್ಪು ತಿದ್ದಿಕೊಳ್ಳಿ ಅಂತ ಹೇಳಿಕೊಟ್ಟೆ ಕಣ್ರೀ, ಇಲ್ಲಿ ತಿದ್ದೋಕೆ ಹೋದರೆ ಸ್ಕೂಲಿಂದಲೇ ಡಿಬಾರು’ ಎಂದರು.

ಹೇಗೋ ಅರ್ಜಿ ಮುಗಿದು ಶುಲ್ಕದ ಸರದಿ ಬಂತು ಅನ್ನಿ. ‘ಯುಪಿಐ’ ಎಂದು ಒತ್ತಿದರೆ ಹಣ ಕಟ್ಟುವ ಆ್ಯಪು ತೆರೆಯಬೇಕು. ಅದರ ಬದಲು ‘ವೆಬ್‌ಪೇಜ್ ನಾಟ್ ಅವೈಲಬಲ್’, ಕೆಳಗೆ ‘ಅನ್‌ನೋನ್ ಯುಆರ್‌ಎಲ್ ಸ್ಕೀಮ್’. ಮೇಷ್ಟ್ರು ಇದನ್ನು ಯಾವುದೋ ಹೊಸ ಸರ್ಕಾರಿ ಯೋಜನೆ ಎಂದು ತಿಳಿದು ‘ಈ ಸ್ಕೀಮಿಗೆ ನಾನು ಅರ್ಜಿನೇ ಹಾಕಿಲ್ವಲ್ರೀ’ ಎಂದರು. ವಿಷಯ ಇಷ್ಟೇ: ವೆಬ್‌ವ್ಯೂಗೆ ಗೊತ್ತಿರುವುದು ಎಚ್‌ಟಿಟಿಪಿ ಎಂದು ಶುರುವಾಗುವ ವಿಳಾಸ. ಯುಪಿಐ ಎಂದು ಶುರುವಾಗುವ ವಿಳಾಸ ಎದುರಿಗೆ ಬಂದರೆ, ಅದನ್ನು ಫೋನಿನ ಕೈಗೆ ದಾಟಿಸು ಎಂದು ಯಾರೂ ಹೇಳಿಕೊಟ್ಟಿರದಿದ್ದರೆ, ಅದು ಕೈ ಚೆಲ್ಲುತ್ತದೆ.

ಕಾರ್ಡಿನಲ್ಲಿ ಕಟ್ಟುವುದಂತೂ ದೊಡ್ಡ ಯಜ್ಞ. ಆನ್‌ಲೈನ್ ಕಾರ್ಡು ವ್ಯವಹಾರಕ್ಕೆ ಕಾರ್ಡಿನ ಮೇಲಿನ ಅಂಕಿಗಳು ಮಾತ್ರ ಸಾಲದು, ಮೇಲೊಂದು ಗುಟ್ಟೂ ಬೇಕೆಂದು ನಮ್ಮ ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತು. ಒಳ್ಳೆಯ ನಿಯಮ, ಎಷ್ಟೋ ಜನರ ದುಡ್ಡು ಉಳಿದಿದೆ. ಆದರೆ ಆ ಗುಟ್ಟು ಕೇಳುವ ಪುಟ ಬ್ಯಾಂಕಿನದು, ನೀವಿರುವುದು ಅಂಗಡಿಯ ಆ್ಯಪಿನಲ್ಲಿ. ಆದ್ದರಿಂದ ಬ್ಯಾಂಕಿನ ಪುಟವನ್ನು ಆ್ಯಪಿನೊಳಗೇ ಬರಮಾಡಿಕೊಳ್ಳುತ್ತಾರೆ. ದೊಡ್ಡ ಕಂಪ್ಯೂಟರಿಗೆಂದು ಮಾಡಿದ ಆ ಪುಟ ಅಂಗೈಯಗಲದ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತಿದ್ದ ಕಾಲವೊಂದಿತ್ತು. ಇದನ್ನು ಒಪ್ಪ ಮಾಡುವುದನ್ನೇ ವ್ಯಾಪಾರ ಮಾಡಿಕೊಂಡು ಬೆಳೆದ ಕಂಪನಿಗಳೂ ಬೆಂಗಳೂರಿನಲ್ಲಿವೆ. 2012ರಲ್ಲಿ ಶುರುವಾದ ಜಸ್‌ಪೇ ಹೀಗೆ ಪಾವತಿಗೆಂದೇ ಒಂದು ಪುಟ್ಟ ಬ್ರೌಸರ್ ಮಾಡಿ ಬೇರೆಯವರ ಆ್ಯಪುಗಳೊಳಗೆ ಕೂರಿಸಿತು. ಇಷ್ಟಾದರೂ ‘ದಯವಿಟ್ಟು ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಎಂಬ ಬೋರ್ಡು ಮಾತ್ರ ಇಳಿದಿಲ್ಲ. ನಾವೂ ಆ ಚಕ್ರ ತಿರುಗುವಷ್ಟು ಹೊತ್ತು ಉಸಿರು ಬಿಗಿಹಿಡಿದು, ಫೋನನ್ನು ಅಂಗೈ ಮೇಲೆ ಸಮತಟ್ಟಾಗಿ ಹಿಡಿದು ಕೂರುತ್ತೇವೆ. ಅಲ್ಲಾಡಿಸಿದರೆ ದುಡ್ಡು ಚೆಲ್ಲೀತು!

ಇಷ್ಟು ಹೊತ್ತು ನಗೆಯಾಯಿತು. ಈಗ ಒಂದು ಕುಟುಕು. ಪೊಲೀಸರು, ಬ್ಯಾಂಕಿನವರು, ರೇಡಿಯೋದವರು ನಮಗೆ ವರ್ಷಗಟ್ಟಲೆ ಒಂದೇ ಪಾಠ ಹೇಳುತ್ತ ಬಂದಿದ್ದಾರೆ: ಪಾಸ್‌ವರ್ಡ್ ಹಾಕುವ ಮೊದಲು ಮೇಲೆ ವಿಳಾಸ ನೋಡಿ, ಅಕ್ಷರ ಅಕ್ಷರ ಓದಿ, ಅದು ನಿಜವಾಗಿ ನಿಮ್ಮ ಬ್ಯಾಂಕೇ ಎಂದು ಖಾತ್ರಿ ಮಾಡಿಕೊಳ್ಳಿ. ನಾವು ವಿಧೇಯ ವಿದ್ಯಾರ್ಥಿಗಳಂತೆ ಮೇಲೆ ನೋಡುತ್ತೇವೆ. ಎಷ್ಟೋ ಆ್ಯಪುಗಳಲ್ಲಿ ಅಲ್ಲಿ ವಿಳಾಸವೇ ಇಲ್ಲ! ಚೆಂದ ಕೆಡುತ್ತದೆಂದು ತೆಗೆದಿದ್ದಾರೆ. ಒಂದು ಕೈಯಲ್ಲಿ ‘ವಿಳಾಸ ನೋಡದೆ ಒಟಿಪಿ ಕೊಡಬೇಡಿ’ ಎಂಬ ಎಚ್ಚರಿಕೆಯ ಮೆಸೇಜು, ಇನ್ನೊಂದು ಕೈಯಲ್ಲಿ ವಿಳಾಸವಿಲ್ಲದ ಪುಟ. ವಂಚಕನ ಆ್ಯಪಿನಲ್ಲೂ ಬ್ಯಾಂಕಿನ ಪುಟ ಹೀಗೆಯೇ ಕಾಣುತ್ತದೆ, ಸಾಚಾ ಆ್ಯಪಿನಲ್ಲೂ ಹೀಗೆಯೇ ಕಾಣುತ್ತದೆ. ಜನರಿಗೆ ಕಣ್ಣು ಮುಚ್ಚಿ ಕೊಡುವುದನ್ನು ಅಭ್ಯಾಸ ಮಾಡಿಸಿದವರು ಯಾರು? ವಂಚಕರಂತೂ ಅಲ್ಲ, ಅವರು ಸಿದ್ಧ ಬೆಳೆ ಕೊಯ್ಯಲು ಆಮೇಲೆ ಬಂದವರು.

ಸಾಚಾ ಆ್ಯಪುಗಳೂ ಪೂರಾ ಸಾಧುಗಳೇನಲ್ಲ. ಪುಟ ಯಾರದೇ ಆಗಿರಲಿ, ಕಿಟಕಿ ಆ್ಯಪಿನದು. ಕಿಟಕಿಯ ಒಡೆಯ ಪುಟದೊಳಗೆ ತನ್ನದೊಂದು ಕೋಡಿನ ತುಣುಕು ಸೇರಿಸಬಲ್ಲ. 2022ರ ಆಗಸ್ಟಿನಲ್ಲಿ ಫೆಲಿಕ್ಸ್ ಕ್ರೌಸ್ ಎಂಬ ಸಂಶೋಧಕ ಇದನ್ನು ಪರೀಕ್ಷಿಸಿ ತೋರಿಸಿದರು. ಫೇಸ್‌ಬುಕ್, ಇನ್‌ಸ್ಟಾಗ್ರಾಮುಗಳು ತಮ್ಮೊಳಗೆ ತೆರೆಯುವ ಹೊರಗಿನ ಪುಟಗಳಿಗೆ ಜಾವಾಸ್ಕ್ರಿಪ್ಟ್ ಸೇರಿಸುತ್ತಿದ್ದವು. ಟಿಕ್‌ಟಾಕ್ ಸೇರಿಸುತ್ತಿದ್ದ ಕೋಡಿಗೆ ಕೀಬೋರ್ಡಿನಲ್ಲಿ ಏನು ಒತ್ತಿದರೂ ತಿಳಿಯುವ ಶಕ್ತಿ ಇತ್ತು. ಆ ಶಕ್ತಿಯನ್ನು ಕದಿಯಲು ಬಳಸಿದರೆಂದು ಕ್ರೌಸ್ ಹೇಳಲಿಲ್ಲ. ಅದು ದೋಷ ಪತ್ತೆಗೆ, ವೇಗ ಅಳೆಯಲಿಕ್ಕೆ ಇಟ್ಟದ್ದು ಎಂದು ಟಿಕ್‌ಟಾಕ್ ಹೇಳಿತು. ಬಳಕೆದಾರರು ಕೊಟ್ಟ, ಕೊಡದ ಒಪ್ಪಿಗೆಯನ್ನು ಗೌರವಿಸಲಿಕ್ಕೇ ನಮ್ಮ ಕೋಡು ಇರುವುದು ಎಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮುಗಳ ಒಡೆಯ ಮೆಟಾ ಹೇಳಿತು. ಇರಬಹುದು. ನಮ್ಮ ದೇಶದಲ್ಲಿ ಟಿಕ್‌ಟಾಕಿಗೆ 2020ರಲ್ಲೇ ನಿಷೇಧ ಬಿದ್ದದ್ದರಿಂದ ನಮಗೆ ಆ ಒಂದು ಚಿಂತೆ ಇಲ್ಲ. ಉಳಿದ ಚಿಂತೆಗಳೆಲ್ಲ ಕ್ಷೇಮವಾಗಿವೆ.

ಎಲ್ಲಕ್ಕಿಂತ ನಗು ತರಿಸುವವರು ಗೂಗಲಿನವರು. ಆಂಡ್ರಾಯ್ಡಿನ ವೆಬ್‌ವ್ಯೂ ಮಾಡಿದವರು ಅವರೇ. ಅದನ್ನು ನಿಮ್ಮ ಫೋನಿನಲ್ಲಿ ಕೂರಿಸಿ ಅಪ್‌ಡೇಟು ಉಣಿಸುತ್ತಿರುವವರೂ ಅವರೇ. ಆದರೆ ಇಂಥ ವೆಬ್‌ವ್ಯೂ ಒಳಗಿನಿಂದ ಗೂಗಲ್ ಖಾತೆಗೆ ಲಾಗಿನ್ ಆಗಲು ಬಿಡುವುದಿಲ್ಲ ಎಂದು 2016ರಲ್ಲಿ ಸಾರಿ, ಮರುವರ್ಷದಿಂದ ಬಾಗಿಲು ಹಾಕಿದರು. ಕಾರಣ ಸರಿಯಾದದ್ದೇ: ಮಧ್ಯದ ಆ್ಯಪು ಪಾಸ್‌ವರ್ಡ್ ನೋಡಿಬಿಡಬಹುದು. ವೆಬ್‌ವ್ಯೂ ಎಲ್ಲಿಗೆ ಹೋದರೂ ತನ್ನ ಪರಿಚಯ ಹೇಳುವಾಗ ‘ಡಬ್ಲ್ಯುವಿ’ ಎಂದು ಎರಡು ಅಕ್ಷರ ಸೇರಿಸುತ್ತದೆ. ಕಾವಲುಗಾರ ಆ ಇನಿಷಿಯಲ್ಲು ಕೇಳಿಯೇ ತಡೆಯಬಹುದು. ಸ್ವಂತ ಮಗನನ್ನು ಊರಿಗೆಲ್ಲ ಕೆಲಸಕ್ಕೆ ಕಳಿಸಿ, ತನ್ನ ತಿಜೋರಿಯ ಕೋಣೆಗೆ ಮಾತ್ರ ಬಿಡದ ಯಜಮಾನರಿಗೆ ನಾವು ಏನು ಹೇಳೋಣ? ಮಗನ ಗುಣ ಅಪ್ಪನಿಗಲ್ಲದೆ ಇನ್ಯಾರಿಗೆ ಗೊತ್ತು!

ದಾರಿ ಇಲ್ಲವೇ? ಇದೆ, ಅದೂ 2015ರಿಂದಲೇ ಇದೆ. ಆ ವರ್ಷ ಆಪಲ್ ಐಫೋನಿನ ಐಒಎಸ್ 9ರಲ್ಲಿ ಸಫಾರಿ ವ್ಯೂ ಕಂಟ್ರೋಲರ್ ಎಂಬುದನ್ನು ಕೊಟ್ಟಿತು, ಗೂಗಲ್ ಕ್ರೋಮಿನಲ್ಲಿ ಕಸ್ಟಮ್ ಟ್ಯಾಬ್ಸ್ ಎಂಬುದನ್ನು ತಂದಿತು. ಎರಡರ ಧರ್ಮವೂ ಒಂದೇ. ಆ್ಯಪು ಬಿಟ್ಟು ಹೋದ ಹಾಗೂ ಆಗುವುದಿಲ್ಲ. ಆದರೆ ಪುಟ ತೋರಿಸುವುದು ನಿಜವಾದ ಬ್ರೌಸರೇ. ಮೇಲೆ ಯಾವ ತಾಣ ಎಂಬುದು ಕಾಣುತ್ತದೆ. ಆ್ಯಪಿಗೆ ಪುಟದೊಳಗೆ ಇಣುಕಲು ಆಗುವುದಿಲ್ಲ. ಕಸ್ಟಮ್ ಟ್ಯಾಬ್ಸ್ ಆದರೆ ನಿಮ್ಮ ಬ್ರೌಸರಿನಲ್ಲಿ ಆಗಲೇ ಲಾಗಿನ್ ಆಗಿದ್ದು ಅಲ್ಲೂ ನಡೆಯುತ್ತದೆ. ಹತ್ತು ವರ್ಷದಿಂದ ಈ ಸೌಕರ್ಯ ಬಿಟ್ಟಿಯಾಗಿ ಬಿದ್ದಿರುವಾಗ ದೊಡ್ಡ ದೊಡ್ಡ ಆ್ಯಪುಗಳು ಇದನ್ನೇಕೆ ಬಳಸುವುದಿಲ್ಲ? ಮೆಟಾ ಅಂತೂ 2022ರಲ್ಲಿ ಆಂಡ್ರಾಯ್ಡಿನ ಫೇಸ್‌ಬುಕ್ಕಿಗೆಂದು ತನ್ನದೇ ಸ್ವಂತ ವೆಬ್‌ವ್ಯೂ ಎಂಜಿನ್ನು ಬೇರೆ ಇಟ್ಟುಕೊಂಡಿತು. ಭದ್ರತೆಗೆ, ಸ್ಥಿರತೆಗೆ ಎಂದು ಕಾರಣ ಕೊಟ್ಟಿತು. ಉಪಚಾರದ ಮನೆಯವರು ನಮ್ಮ ಕಾಲಿನ ಅಳತೆಗೆ ಚಪ್ಪಲಿಯನ್ನೂ ತಾವೇ ಹೊಲಿಸಿಟ್ಟರೆ ಹೊರಡುವ ಮಾತೆಲ್ಲಿ ಬಂತು?

ಅಕ್ಕನ ಮಗನ ಕಡೆಯ ಮಾತನ್ನೂ ಹೇಳದಿದ್ದರೆ ಅಕ್ಕ ನನ್ನನ್ನು ಬಿಡುವುದಿಲ್ಲ. ಅವನ ವಾದ ಹೀಗೆ: ‘ಆ್ಯಪಲ್ಲಿ ಒಂದು ಸಾಲು ಬದಲಿಸ್ಬೇಕಂದ್ರೂ ಸ್ಟೋರಿಗೆ ಕಳಿಸ್ಬೇಕು, ಅವರು ನೋಡ್ಬೇಕು, ಜನ ಅಪ್‌ಡೇಟ್ ಮಾಡ್ಬೇಕು. ಯುಗಾದಿ ಆಫರ್ ಪುಟ ಶ್ರೀರಾಮನವಮಿ ಮುಗಿದ ಮೇಲೆ ತಲುಪಿದ್ರೆ ಏನು ಉಪಯೋಗ ಮಾವ? ವೆಬ್ ಪುಟ ಆದ್ರೆ ಸರ್ವರಲ್ಲಿ ಬದಲಿಸಿದ್ರೆ ಆಯ್ತು, ಎಲ್ಲರಿಗೂ ಆ ಕ್ಷಣವೇ ಹೊಸದು. ನಮ್ಮದೇ ಪುಟ, ನಮ್ಮದೇ ಆ್ಯಪು, ಅದರಲ್ಲಿ ಮೋಸ ಏನಿದೆ?’ ಇದು ಒಪ್ಪತಕ್ಕ ಮಾತು. ತನ್ನ ಪುಟವನ್ನು ತನ್ನ ಆ್ಯಪಿನಲ್ಲಿ ತೋರಿಸಿಕೊಳ್ಳಲಿ, ಯಾರು ಬೇಡ ಅಂದರು? ಆ್ಯಪಿನ ‘ನಿಯಮ ಮತ್ತು ನಿಬಂಧನೆಗಳು’ ಬಹುಪಾಲು 
ಹೀಗೇ ವೆಬ್ ಪುಟವಾಗಿರುತ್ತವೆ. ಅವನ್ನು ಯಾರೂ ಓದದಿರುವುದರಿಂದ ಯಾರಿಗೂ ತೊಂದರೆಯಿಲ್ಲ. ತಕರಾರು ಇರುವುದು ಪರರ ಪುಟವನ್ನು ತನ್ನ ಕೋಣೆಗೆ ತಂದು, ವಿಳಾಸ ಅಳಿಸಿ, ಅಲ್ಲಿ ನಮ್ಮಿಂದ ಪಾಸ್‌ವರ್ಡ್ ಬರೆಸಿಕೊಳ್ಳುವುದಕ್ಕೆ.

ಮೇಷ್ಟ್ರು ಇದನ್ನೆಲ್ಲ ಕೇಳಿಸಿಕೊಂಡು ತಮ್ಮದೊಂದು ಕಾನೂನು ಮಾಡಿಕೊಂಡಿದ್ದಾರೆ. ಲಿಂಕು ತೆರೆದರೆ ಮೊದಲು ಮೂರು ಚುಕ್ಕಿ ಒತ್ತಿ ‘ಬ್ರೌಸರಿನಲ್ಲಿ ತೆರೆಯಿರಿ’ ಎಂಬುದನ್ನು ಹುಡುಕುತ್ತಾರೆ. ಸಿಕ್ಕಿದರೆ ಮುಂದಿನ ಮಾತು. ಸಿಗದಿದ್ದರೆ, ಮೇಲೆ ವಿಳಾಸ ಕಾಣದಿದ್ದರೆ, ಅವರು ಪೈಸೆ ಕಟ್ಟುವುದಿಲ್ಲ. ಫೋನು ಜೇಬಿಗೆ ಹಾಕಿ, ಕೊಡೆ ತೆಗೆದುಕೊಂಡು ಕಚೇರಿಗೇ ಹೋಗಿ ಕ್ಯೂ ನಿಂತು ಕಟ್ಟಿ, ರಸೀದಿಗೆ ಸೀಲು ಹಾಕಿಸಿಕೊಂಡು ಬರುತ್ತಾರೆ.

ಈ ಸುದ್ದಿಯನ್ನು ಅಕ್ಕನ ಮಗನಿಗೆ ಹೇಳಿದೆ.

‘ಅಂಥವರನ್ನ ನಾವು ಡ್ರಾಪ್ ಆಫ್, ಅಂದ್ರೆ ಅರ್ಧಕ್ಕೇ ಬಿಟ್ಟುಹೋದೋರು, ಅಂತ ಲೆಕ್ಕ ಹಾಕ್ತೀವಿ ಮಾವ. ತಿಂಗಳ ಕೊನೆಗೆ ಅದೊಂದು ಪರ್ಸೆಂಟೇಜು, ಅಷ್ಟೇ.’

‘ಸರಿ. ಎಷ್ಟು ಪರ್ಸೆಂಟು ಮೇಷ್ಟ್ರು ಸೇರಿದರೆ ನೀವು ವಿಳಾಸ ತೋರಿಸ್ತೀರಿ?’

ಅವನು ಯೋಚನೆ ಮಾಡಿದ. ‘ಒಂದು ಐದು ಪರ್ಸೆಂಟ್ ಆದ್ರೆ ಮೀಟಿಂಗ್ ಕರೀತಾರೆ.’

ಮೇಷ್ಟ್ರಿಗೆ ಹೋಗಿ ಹೇಳಿದೆ. ಅವರು ತಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಸೂಚನೆ ಬರೆಯುತ್ತ ಕೂತಿದ್ದಾರೆ.